ಮುನ್ನೂರನೇ ಹೆಜ್ಜೆಯ ನೆಪ್ಚೂನ್

ಗುಣೋತ್ತರ ಶ್ರೇಢಿ ಮುಗಿದ ವಾರ ನಮ್ಮ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ 0, 3, 6, 12, 24, 48, 96 ಎಂದು ಬರೆದು, ಎಲ್ಲಕ್ಕೂ 4 ಕೂಡಿಸಿ ಅಂದರು. ಬಂದದ್ದು 4, 7, 10, 16, 28, 52, 100. ಆಮೇಲೆ ಮೈದಾನಕ್ಕೆ ಕರೆದುಕೊಂಡು ಹೋದರು. ಧ್ವಜಸ್ತಂಭವೇ ಸೂರ್ಯ, ಅಲ್ಲಿಂದ ಭೂಮಿಗೆ 10 ಹೆಜ್ಜೆ. 4ಕ್ಕೆ ಬುಧ, 7ಕ್ಕೆ ಶುಕ್ರ, 16ಕ್ಕೆ ಮಂಗಳ (ನಿಜಕ್ಕೂ 15), 52ಕ್ಕೆ ಗುರು, 100ಕ್ಕೆ ಶನಿ (ನಿಜಕ್ಕೂ 95). ನಮಗೆಲ್ಲ ಮೈ ಜುಮ್ಮೆಂದಿತು. 28ರಲ್ಲಿ ಮಾತ್ರ ಯಾರನ್ನೂ ನಿಲ್ಲಿಸಲಿಲ್ಲ.

ಅಲ್ಲೇ ಬಿಸಿಲಲ್ಲಿ ಕಥೆ ಶುರುವಾಯಿತು. ಟೀಟಿಯಸ್ ಎಂಬ ಜರ್ಮನ್ ಪ್ರಾಧ್ಯಾಪಕ 1766ರಲ್ಲಿ ಬೇರೊಬ್ಬರ ಪುಸ್ತಕ ಅನುವಾದಿಸುತ್ತ ಈ ಲೆಕ್ಕವನ್ನು ನಡುವೆ ತೂರಿಸಿದ; 1772ರಲ್ಲಿ ಖಗೋಳಜ್ಞ ಬೋಡೆ ಅದನ್ನೆತ್ತಿಕೊಂಡು ಪ್ರಚಾರ ಮಾಡಿದ, ಅದಕ್ಕೆ 'ಬೋಡೆಯ ನಿಯಮ' ಎಂಬ ಹೆಸರೂ ಬಿತ್ತು. 1781ರಲ್ಲಿ ಹರ್ಷೆಲ್‌ಗೆ ಯುರೇನಸ್ ಸಿಕ್ಕಿತು. ಸೂತ್ರದ ಪ್ರಕಾರ 196, ನಿಜದಲ್ಲಿ 192! ಸರಿ, 28ರ ಖಾಲಿ ಜಾಗದಲ್ಲೂ ಗ್ರಹವಿರಲೇಬೇಕೆಂದು ಖಗೋಳಜ್ಞರು ಗುಂಪು ಕಟ್ಟಿಕೊಂಡು ಹುಡುಕಾಟಕ್ಕೆ ಸಿದ್ಧರಾದರು. ಅದು ಸಿಕ್ಕಿದ್ದು ಮಾತ್ರ ಪಲೆರ್ಮೊದಲ್ಲಿ ತನ್ನ ಪಾಡಿಗೆ ನಕ್ಷತ್ರಗಳ ಪಟ್ಟಿ ಮಾಡುತ್ತಿದ್ದ ಪಿಯಾಜಿಗೆ, 1801ರ ಜನವರಿ 1ರಂದು. ಅದೇ ಸಿರಿಸ್, ಈಗ ಕುಬ್ಜಗ್ರಹ ಎನ್ನುವ ಪುಟ್ಟ ಕಾಯ, 27.7 ಹೆಜ್ಜೆಗೆ. ಈ ಭಾಗ ಹೇಳುವಾಗ ಮೇಷ್ಟ್ರ ಮುಖದಲ್ಲಿ ತುಂಟ ನಗು.

ನೆಪ್ಚೂನ್ ಆಗಲು ಹೊರಟ ಹುಡುಗ ಗೇಟು ದಾಟಿ ರಸ್ತೆಗಿಳಿದ. ಸೂತ್ರ ಹೇಳಿದ್ದು 388. ಮೇಷ್ಟ್ರು 300ಕ್ಕೇ "ನಿಲ್ಲೋ!" ಎಂದು ಕೂಗಿದರು. 88 ಹೆಜ್ಜೆ ತಪ್ಪು! ನಮಗೆ ಸಿಟ್ಟೇ ಬಂತು. ತಮಾಷೆಯೆಂದರೆ, ಲವೆರಿಯೆ ಮತ್ತು ಆಡಮ್ಸ್ ಎಂಬ ಗಣಿತಜ್ಞರು ನೆಪ್ಚೂನನ್ನು ಕಾಗದದ ಮೇಲೆ ಲೆಕ್ಕ ಹಾಕಿ ಹುಡುಕಲು ಹೊರಟಾಗ ಮೊದಲು ಊಹಿಸಿಕೊಂಡದ್ದು ಈ ಸೂತ್ರದ ದೂರವನ್ನೇ. ದೂರ ತಪ್ಪಾದರೂ ದಿಕ್ಕು ಸರಿಯಿತ್ತು. 1846ರಲ್ಲಿ ಬರ್ಲಿನ್ನಿನ ಗಾಲೆ, ಲವೆರಿಯೆ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ಅದನ್ನು ಕಂಡ.

"ಸಾರ್, ಆ ನಾಲ್ಕು ಎಲ್ಲಿಂದ ಬಂತು?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. "ಬುಧನಿಗೆ ಸರಿಹೊಂದಲಿ ಅಂತ. 0 ಆದಮೇಲೆ 3 ಹೇಗೆ ಬಂತು, ಅದನ್ನ್ಯಾಕೆ ಕೇಳಲಿಲ್ಲ? ಸೊನ್ನೆಯ ಎರಡರಷ್ಟು ಮೂರೇನೋ?" ಮರುದಿನ, ದೂರದಿಂದ ಗ್ರಹದ ಒಂದು ಸುತ್ತಿನ ಕಾಲ ಹೇಳುವ ಕೆಪ್ಲರನ ಮೂರನೇ ನಿಯಮ ಹೇಳಿಕೊಟ್ಟು, ಭೂಮಿಯ ದೂರ 1 ಎಂದಿಟ್ಟುಕೊಂಡು ದೂರದ ಘನದ ವರ್ಗಮೂಲ ತೆಗೆಸಿದರು. ನೆಪ್ಚೂನ್‌ಗೆ ಸುಮಾರು 165 ವರ್ಷ ಬಂತು. ಅದು ಸುತ್ತುವುದೂ ಅಷ್ಟಕ್ಕೇ. ಆ ನಿಯಮದ ಬೆನ್ನಿಗೆ ಗುರುತ್ವವಿದೆ. ಬೋಡೆಯದನ್ನು ನಿಯಮ ಎಂದು ಕರೆಯುವುದು ನನ್ನ ಮಟ್ಟಿಗೆ ಬರೀ ದಾಕ್ಷಿಣ್ಯ.

ಕಾಲೇಜಿಗೆ ಹೋದಮೇಲೆ ಗುರುವಿನ ಚಂದ್ರರ ಬಗ್ಗೆ ಓದಿದೆ. ಗುರುವನ್ನು ಒಂದು ಸುತ್ತು ಹಾಕಲು ಅಯೋಗೆ 1.77 ದಿನ, ಯುರೋಪಾಗೆ 3.55, ಗ್ಯಾನಿಮೀಡ್‌ಗೆ 7.15, ಒಂದಕ್ಕಿಂತ ಒಂದು ಹೆಚ್ಚುಕಡಿಮೆ ಇಮ್ಮಡಿ. ಇಲ್ಲಿ ಕಾಕತಾಳೀಯವಿಲ್ಲ, ಅವು ಪರಸ್ಪರ ಎಳೆದಾಡಿಕೊಂಡೇ ಈ ತಾಳ ಹಿಡಿದಿವೆ. ಖುಷಿಯಲ್ಲಿ ಮೇಷ್ಟ್ರಿಗೆ ಕಾಗದ ಹಾಕಿದೆ. ಕಾರ್ಡಿನಲ್ಲಿ ಉತ್ತರ ಬಂತು: "ಸಂತೋಷ. ನಾಲ್ಕನೆಯ ಕ್ಯಾಲಿಸ್ಟೊ 16.7 ದಿನ ತೆಗೆದುಕೊಳ್ಳುತ್ತದಲ್ಲ, ಅದು ಯಾಕೆ ಇವರ ಜೊತೆ ಸೇರಲಿಲ್ಲ? ಬರೆದು ತಿಳಿಸು."