ಕೊಡಗು ಪದಕ, 1837: ಕನ್ನಡ ಅಕ್ಷರವಿರುವ ಕಂಪನಿ ಪದಕ

ಈಸ್ಟ್ ಇಂಡಿಯಾ ಕಂಪನಿ ಹಂಚಿದ ಪದಕಗಳಲ್ಲಿ ಕನ್ನಡಿಗರು ಕೈಗೆತ್ತಿಕೊಂಡು ಓದಲೇಬೇಕಾದದ್ದು 1837ರ ಕೊಡಗು ಪದಕ. ಕೊಟ್ಟದ್ದು 44 ಚಿನ್ನದವು, 300 ಬೆಳ್ಳಿಯವು, ಅಷ್ಟೇ. ಅಡ್ಡಳತೆ 50 ಮಿ.ಮೀ. ರಿಬ್ಬನ್ ಇಲ್ಲ, ಹಳದಿ ದಾರದಲ್ಲಿ ಪೋಣಿಸಿ ತೊಡುತ್ತಿದ್ದರು.

ಮುಂಬದಿಯಲ್ಲಿ ಒಬ್ಬ ಕೊಡವ ಯೋಧ. ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಎತ್ತಿದ ಕತ್ತಿ. ಮಾರಾಟದ ಕ್ಯಾಟಲಾಗುಗಳು ಇದನ್ನು ಕುಕ್ರಿ (ನೇಪಾಳಿ ಬಾಗುಗತ್ತಿ) ಎಂದು ಬರೆಯುತ್ತವೆ. ಅದು ತಪ್ಪು. ಇದು ಒಡಿಕತ್ತಿ. ಅಗಲ ಅಲಗು, ಹರಿತ ಒಳಬಾಗಿನಲ್ಲಿ. ಒರೆಯಿಲ್ಲದೆ ಬೆನ್ನ ಹಿಂದೆ ಸೊಂಟದ ತೋಡಂಗಿನಲ್ಲಿ (ಲೋಹದ ಕೊಕ್ಕೆ) ಸಿಕ್ಕಿಸಿಕೊಳ್ಳುವ ಆಯುಧ. ಹಿಂಬದಿಯಲ್ಲಿ ಎಲೆಗಳ ಹಾರದೊಳಗೆ ಆಯುಧಗಳು, ಇಂಗ್ಲಿಷ್ ಬರಹ. ಆ ಬರಹದಲ್ಲಿ 1837ರ ಏಪ್ರಿಲ್ ಮಾತ್ರ ಇದೆ. ಮುಂಬದಿಯ ಕನ್ನಡ ಬರಹ ಏಪ್ರಿಲ್, ಮೇ ಎರಡೂ ತಿಂಗಳು ಹೇಳುತ್ತದೆ: ದಂಗೆ ಅಡಗಿಸುವಾಗ ಕಂಪನಿ ಸರ್ಕಾರಕ್ಕೆ ನಿಷ್ಠರಾಗಿದ್ದಕ್ಕೆ ಕೊಟ್ಟ ಮೆಚ್ಚಿನ ಗುರುತು ಎಂಬುದು ಅದರ ಸಾರ.

ಆ ದಂಗೆ ಯಾವುದು? ನಾವು ಇಂದು ಅಮರಸುಳ್ಯ ಹೋರಾಟ ಎನ್ನುವುದೇ ಅದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಕಂಪನಿ ಅಮರಸುಳ್ಯ, ಪುತ್ತೂರು ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ರಾಜರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳತ್ವದಲ್ಲಿ ರೈತರ ದಂಡು 1837ರ ಏಪ್ರಿಲ್ 5ರಂದು ಮಂಗಳೂರು ಹೊಕ್ಕಿತು. ಹೋರಾಟದ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಈ ಹೆಸರುಗಳಿಲ್ಲದೆ ಪದಕದ ವಿವರಣೆ ಬರೆದರೆ ಅದು ಅರ್ಧ ಬರಹ.

ಪದಕ ಪಡೆದವನು ಕಂಪನಿಯ ಸಂಬಳದ ಸಿಪಾಯಿಯಾಗಿರಬೇಕಿಲ್ಲ. ಕಂಪನಿಯ ಪರ ನಿಂತ ಕೊಡಗಿನ ದಿವಾನ ಅಪ್ಪಾರಂಡ ಬೋಪುವಿನಂಥವರ ಹಿಂದೆ ಹೋದವರು ಹೆಚ್ಚಾಗಿ ಜಮ್ಮಾ ಹಿಡುವಳಿಯ, ಅಂದರೆ ವಂಶಪಾರಂಪರ್ಯವಾಗಿ ಭೂಮಿ ಹೊಂದಿದ್ದ, ಕೊಡವರು. ಆಗ ಜಮ್ಮಾ ಭೂಮಿಗೆ 100 ಭಟ್ಟಿಗೆ (ಕೊಡಗಿನ ಭೂಮಿಯ ಅಳತೆ) 5 ರೂಪಾಯಿ ಕಂದಾಯ, ಸಾಮಾನ್ಯ ಹಿಡುವಳಿಯಾದ ಸಾಗು ಭೂಮಿಗೆ 10. ಆ ಅರ್ಧ ರಿಯಾಯಿತಿಯ ಬದಲಿಗೆ ಕರೆ ಬಂದಾಗ ಆಯುಧ ಹಿಡಿದು ಹೋಗುವುದು ಅವರ ಬಾಧ್ಯತೆಯಾಗಿತ್ತು. ಬರೀ ನಿಷ್ಠೆ ಎಂದು ಓದುವ ಮುನ್ನ ಈ ಲೆಕ್ಕ ತಿಳಿದಿರಬೇಕು.

ಇನ್ನು ಅಸಲಿ ನಕಲಿ ಪ್ರಶ್ನೆ. ಕಂಚಿನ ಪದಕ ಸಿಕ್ಕರೆ ಅದು ಯಾರಿಗೂ ಅಧಿಕೃತವಾಗಿ ಕೊಟ್ಟದ್ದಲ್ಲ. ಮಾದರಿಯೋ ಮರುಮುದ್ರಣವೋ (ಹಳೆಯ ಅಚ್ಚಿನಿಂದ ಆಮೇಲೆ ಒತ್ತಿದ್ದು) ಆಗಿರುತ್ತದೆ. ಮರುಮುದ್ರಣ ಗುರುತಿಸಲು ಚಿತ್ರ, ಅಕ್ಷರಗಳಿಲ್ಲದ ಬಯಲು ಜಾಗವನ್ನು ಹತ್ತು ಪಟ್ಟು ಹಿಗ್ಗಿಸುವ ಲೆನ್ಸಿನಲ್ಲಿ ನೋಡಿ. ಹಳೆಯ ಅಚ್ಚಿಗೆ ತುಕ್ಕು ಹಿಡಿದರೆ ಅದರಲ್ಲಿ ಗುಳಿ ಬೀಳುತ್ತದೆ, ಪದಕದ ಮೇಲೆ ಅದೇ ಉಬ್ಬಿದ ಚುಕ್ಕೆಯಾಗುತ್ತದೆ. ಎರಕದ ನಕಲಿನಲ್ಲಿ ಇದು ತಿರುಗುಮುರುಗು: ಗಾಳಿಗುಳ್ಳೆಯ ತಗ್ಗುಗಳು, ಮೊಂಡಾದ ಅಕ್ಷರಗಳು. ಕನ್ನಡದ ಒತ್ತಕ್ಷರಗಳ ಸಣ್ಣ ಸುರುಳಿಗಳು ಮೊದಲು ಮುಚ್ಚಿಹೋಗುವುದರಿಂದ ಅಲ್ಲೇ ಕಣ್ಣಿಡಿ.

ಹೆಚ್ಚು ಮೋಸ ಮಾಡುವುದು ಎಲೆಕ್ಟ್ರೋಟೈಪ್. ಅಸಲಿಯಿಂದಲೇ ತೆಗೆದ ಎರಡು ತೆಳು ತಾಮ್ರದ ಚಿಪ್ಪುಗಳನ್ನು ಸೀಸ ತುಂಬಿ ಕೂಡಿಸಿ, ಮೇಲೆ ಬೆಳ್ಳಿ ಲೇಪ ಕೊಟ್ಟಿರುತ್ತಾರೆ. ಮುಖದ ವಿವರ ಚೂಪಾಗಿಯೇ ಇರುತ್ತದೆ. ಗುಟ್ಟು ಬಯಲಾಗುವುದು ಅಂಚಿನಲ್ಲಿ: ಸುತ್ತಲೂ ಕೂದಲೆಳೆಯಂಥ ಬೆಸುಗೆ ಗೆರೆ, ಅಥವಾ ಅದನ್ನು ಅಳಿಸಿದ ಅರದ ಗೀರು.

ಸಾಂದ್ರತೆಯನ್ನೂ ನೋಡಿ. ಚಿನಿವಾರರ ತಕ್ಕಡಿಯಲ್ಲಿ ಪದಕ ತೂಗಿ. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಪದಕವನ್ನು ದಾರದಲ್ಲಿ ಪೂರ್ತಿ ಮುಳುಗಿಸಿ; ತಳಕ್ಕೆ, ಗೋಡೆಗೆ ತಾಗಬಾರದು. ಆಗ ಕಾಣುವ ಗ್ರಾಂನಿಂದ ಮೊದಲ ತೂಕ ಭಾಗಿಸಿ. ಬೆಳ್ಳಿಯಾದರೆ 10.3ರಿಂದ 10.5ರ ಆಸುಪಾಸು, ತಾಮ್ರವಾದರೆ 8.9. ಪದಕಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಕಡಿಮೆ ಬರುತ್ತದೆ. ಆದರೆ ಇದೊಂದನ್ನೇ ನಂಬಬೇಡಿ: ಸೀಸದ ಸಾಂದ್ರತೆ 11.3, ಹಾಗಾಗಿ ಸೀಸ ತುಂಬಿದ ತಾಮ್ರದ ಚಿಪ್ಪು ಬೆಳ್ಳಿಯ ಹತ್ತಿರವೇ ಬಂದು ನಿಲ್ಲಬಹುದು. ಅಂಚು ಮತ್ತು ಅಂಕಿ ಎರಡೂ ಒಪ್ಪಬೇಕು.

ಅಚ್ಚಿನಲ್ಲಿ ಪಡೆದವನ ಹೆಸರಿಲ್ಲ. ಆದ್ದರಿಂದ ಐನ್‌ಮನೆಯಲ್ಲಿ (ಕೊಡವ ಕುಲದ ಮೂಲಮನೆ) ಉಳಿದಿರುವ ಸನ್ನದು, ಜಮ್ಮಾ ಕಾಗದ, ಹಳೆಯ ಫೋಟೋ ಪದಕದಷ್ಟೇ ಮುಖ್ಯ. ಅವನ್ನು ಬೇರೆ ಮಾಡಿ ಮಾರಿದರೆ ಪದಕ ಅನಾಥವಾಗುತ್ತದೆ.

ಹುಣಸೆಹಣ್ಣು, ವಿಭೂತಿ, ಪಾಲಿಶ್ ಯಾವುದನ್ನೂ ಹಚ್ಚಬೇಡಿ. ಒಮ್ಮೆ ಸವೆದ ಮುಖ ಮರಳಿ ಬಾರದು. ಪಿವಿಸಿ ಆಲ್ಬಮ್, ರಬ್ಬರ್ ಬ್ಯಾಂಡ್ ದೂರವಿಡಿ. ಪಾಲಿಯೆಸ್ಟರ್ ಲಕೋಟೆ, ಬಿಗಿ ಡಬ್ಬಿ, ಸಿಲಿಕಾ ಜೆಲ್ ಸಾಕು. ಕೊಡಗಿನ ಮಳೆಗಾಲದಲ್ಲಿ ಜೆಲ್ಲನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ಹೊರದೇಶದವರಿಗೆ ಮಾರುವ ಯೋಚನೆ ಇದ್ದರೆ ಬಿಡಿ: ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ರಫ್ತು ಮಾಡುವುದನ್ನು 1972ರ ಪುರಾವಸ್ತು ಕಾಯ್ದೆ ತಡೆಯುತ್ತದೆ.