ಟ್ಯಾಂಕ್ ಇಳಿಯುತ್ತದೆ, ಮೀಟರ್ ಸೊನ್ನೆ ಅನ್ನುತ್ತದೆ

ಮನೆಯ ನೀರು ಎಲ್ಲಿ ಸೋರುತ್ತಿತ್ತು ಅಂತ ಅಂತೂ ಸಿಕ್ಕಿತು. ಕೆಳಗಿನ ಬಾತ್‌ರೂಮಿನ ಫ್ಲಶ್ ಟ್ಯಾಂಕ್! ಸದ್ದಿಲ್ಲ, ತೊಟ್ಟಿಕ್ಕುವುದಿಲ್ಲ, ನೆಲ ಒದ್ದೆ ಇಲ್ಲ. ಆದರೂ ದಿನಕ್ಕೆ ಹತ್ತಿರ ಹತ್ತಿರ 137 ಲೀಟರ್ ನುಂಗುತ್ತಿತ್ತು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರಿ ಲೆಕ್ಕ. ಅಂದರೆ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದ ಒಬ್ಬನನ್ನು ನಾವು ಇಷ್ಟು ದಿನ ಸಾಕಿದ್ದೇವೆ.

ನೀರಿನ ಲೆಕ್ಕ ಇಡಲು ಸೆನ್ಸರುಗಳನ್ನು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ, ಅಂಕಿಗಳನ್ನು ಗ್ರಾಫ್ ಮಾಡಿ ನೋಡುತ್ತಿದ್ದೆ. ಅದರ ವಿವರ ಬಿಡಿ. ಒಂದೇ ಮಾತು: ಹರಿವಿನ ಸೆನ್ಸರ್ 5 ವೋಲ್ಟಿನದು, ಬೋರ್ಡ್ 3.3ರದು. ವೋಲ್ಟೇಜ್ ಇಳಿಸಲು ನಡುವೆ ಎರಡು ರೆಸಿಸ್ಟರ್ ಹಾಕಲು ಉದಾಸೀನ ಮಾಡಬೇಡಿ.

ನಮ್ಮದು ಉಡುಪಿಯಲ್ಲಿ ಹಳೇ ಮನೆ. ಬಾವಿಯೂ ಉಂಟು, ನಗರಸಭೆಯ ನಳ್ಳಿಯೂ ಉಂಟು. ಎರಡರ ನೀರೂ ತಾರಸಿಯ ಸಾವಿರ ಲೀಟರ್ ಕಪ್ಪು ಟ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ಇಳಿಯುವ ಲೈನುಗಳು ಮೂರು: ಅಡುಗೆಮನೆ, ಬಾತ್‌ರೂಮು, ಸೋಲಾರ್. ಮೂರಕ್ಕೂ ಒಂದೊಂದು ವೈಎಫ್-ಎಸ್201, ಅಂದರೆ ನೀರು ಹರಿದಾಗ ಒಳಗೆ ಪುಟ್ಟ ಚಕ್ರ ತಿರುಗುವ ಹರಿವಿನ ಸೆನ್ಸರ್. ಟ್ಯಾಂಕಿನ ಮುಚ್ಚಳದಲ್ಲಿ ನೀರಿನ ಮಟ್ಟ ನೋಡಲು ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಸೆನ್ಸರ್, ಜೆಎಸ್‌ಎನ್-ಎಸ್ಆರ್04ಟಿ. ಮೂರು ಮೀಟರುಗಳ ಮೊತ್ತವೂ ಟ್ಯಾಂಕಿನಲ್ಲಿ ಇಳಿದ ನೀರೂ ತಾಳೆಯಾದರೆ ಕೆಲಸ ಮುಗಿಯಿತು ಅಂತ ಲೆಕ್ಕ.

ತಾಳೆಯಾಗಲಿಲ್ಲ.

ಹಗಲಿನದ್ದು ವಿಚಿತ್ರ. ಪಂಪ್ ಆಫ್, ನಗರಸಭೆಯ ನೀರೂ ಬರುವ ಹೊತ್ತಲ್ಲ. ಆದರೂ ಮಧ್ಯಾಹ್ನ ಟ್ಯಾಂಕಿನಲ್ಲಿ ನೀರು ಏರುತ್ತದೆ! ರಾತ್ರಿಯದ್ದು ತಲೆಬಿಸಿ. ಎಲ್ಲರೂ ಮಲಗಿರುತ್ತಾರೆ, ಮೂರೂ ಮೀಟರ್ ಸೊನ್ನೆ, ಟ್ಯಾಂಕ್ ಮಾತ್ರ ನಿಧಾನವಾಗಿ ಇಳಿಯುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಐದರೊಳಗೆ ಐದೂಮುಕ್ಕಾಲು ಸೆಂಟಿಮೀಟರ್. ನಮ್ಮ ಟ್ಯಾಂಕಿನ ಅಡ್ಡಳತೆ ಒಂದು ಮೀಟರ್, ಹಾಗಾಗಿ ಒಂದು ಸೆಂಟಿಮೀಟರ್ ಅಂದರೆ ಸುಮಾರು 8 ಲೀಟರ್. ಗುಣಿಸಿದರೆ 45 ಲೀಟರ್ ಮಾಯ.

ಅಮ್ಮನ ತೀರ್ಪು ಮೊದಲೇ ಬಂದಿತ್ತು: "ನಿನ್ನ ಆ ಆಟಿಕೆ ಸಾಮಾನು ಸರಿ ಇಲ್ಲ ಮಾರಾಯ."

ಆಟಿಕೆ ಸಾಮಾನಿನ ವಿಷಯ ಬಂತಲ್ಲ, ಆನ್‌ಲೈನ್ ಅಂಗಡಿಯವರ ಬಗ್ಗೆ ಎರಡು ಮಾತು. ಮೂರು ಸೆನ್ಸರ್ ತರಿಸಿದೆ. ಫೋಟೋ ಒಂದೇ, ಬಂದದ್ದು ಮೂರು ಬಣ್ಣ, ಒಂದರ ಬಾಣದ ಗುರುತೇ ಉಲ್ಟಾ. ವಾಪಸ್ ಮಾಡುತ್ತೇನೆ ಅಂದರೆ "ನೀರು ತಾಗಿದ ಐಟಂ ತೆಗೆದುಕೊಳ್ಳುವುದಿಲ್ಲ" ಅನ್ನುತ್ತಾರೆ. ನೀರಿನ ಸೆನ್ಸರ್ ಸ್ವಾಮಿ, ನೀರು ತಾಗಿಸದೆ ಇನ್ನೇನು ಎಣ್ಣೆ ತಾಗಿಸಿ ನೋಡಬೇಕಾ?

ಮೊದಲು ಮಧ್ಯಾಹ್ನದ ಪವಾಡ ಬಿಡಿಸಿದೆ. ಮಟ್ಟದ ಸೆನ್ಸರ್ ಅಳೆಯುವುದು ದೂರವನ್ನಲ್ಲ, ಶಬ್ದ ಹೋಗಿ ಬರುವ ಸಮಯವನ್ನು. ಗಾಳಿ ಬಿಸಿಯಾದಷ್ಟೂ ಶಬ್ದ ವೇಗವಾಗಿ ಓಡುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ಜಾಸ್ತಿ. ಏಪ್ರಿಲ್ ಬಿಸಿಲಿಗೆ ಕಪ್ಪು ಟ್ಯಾಂಕಿನ ಒಳಗಿನ ಗಾಳಿ 40 ಡಿಗ್ರಿ ಮುಟ್ಟುತ್ತದೆ. ಕೋಡ್ 25 ಡಿಗ್ರಿ ಅಂದುಕೊಂಡು ಕೂತಿರುತ್ತದೆ. ನೀರು 70 ಸೆಂಟಿಮೀಟರ್ ಕೆಳಗಿದ್ದರೆ ಪ್ರತಿಧ್ವನಿ ಬೇಗ ಬಂದು, 68 ಚಿಲ್ಲರೆ ಅಂತ ತೋರಿಸುತ್ತದೆ. ಅಷ್ಟರಲ್ಲೇ 14 ಲೀಟರ್ ಪುಕ್ಕಟೆ ನೀರು. ಸಂಜೆ ತಂಪಾದ ಮೇಲೆ ಅದೇ 14 ಲೀಟರ್ ಕಳವಾದ ಹಾಗೆ ಕಾಣುತ್ತದೆ.

ಗಾಳಿಯ ಬಿಸಿ ನೋಡಿ ಲೆಕ್ಕ ಸರಿಪಡಿಸಲು ಡಿಎಸ್18ಬಿ20 ಅನ್ನುವ ತಾಪಮಾನದ ಸೆನ್ಸರ್ ಒಂದನ್ನು ಟ್ಯಾಂಕಿನೊಳಗೆ ಇಳಿಬಿಟ್ಟೆ. ಎಲ್ಲಿ ಇಳಿಬಿಡುತ್ತೀರಿ ಅನ್ನುವುದು ಮುಖ್ಯ. ಮುಚ್ಚಳದ ಕೆಳಗೇ ಅಂಟಿಸಿದರೆ ಕಾದ ಪ್ಲಾಸ್ಟಿಕ್ಕಿನ ಬಿಸಿ ಸಿಗುತ್ತದೆ, ಗಾಳಿಯದ್ದಲ್ಲ. ಮುಚ್ಚಳಕ್ಕೂ ನೀರಿಗೂ ನಡುವೆ ನೇತಾಡಬೇಕು. ಬೆಳಗಿನ ಜಾವ ಸೆನ್ಸರಿನ ಮುಖಕ್ಕೆ ಹನಿ ಕಟ್ಟಿ ಬರುವ ಹುಚ್ಚು ಅಂಕಿಗಳನ್ನು, ಹಲವು ಅಳತೆಗಳಲ್ಲಿ ನಡುವಿನದನ್ನು ಮಾತ್ರ ಆರಿಸುವ ಮೀಡಿಯನ್ ಫಿಲ್ಟರ್ ನುಂಗಿತು. ಮಧ್ಯಾಹ್ನದ ಏರಿಕೆ ಮಾಯ.

ರಾತ್ರಿಯ ಇಳಿತ ಮಾತ್ರ ಹೋಗಲಿಲ್ಲ. ಹತ್ತರಿಂದ ಐದರವರೆಗೆ ಗಾಳಿ ಇಳಿಯುವುದು ಐದು ಡಿಗ್ರಿಯಷ್ಟೇ. ಅದರ ಪಾಲು 5 ಲೀಟರ್. ಉಳಿದ 40 ನಿಜ. 40 ಲೀಟರನ್ನು ಏಳು ಗಂಟೆಗೆ ಹಂಚಿದರೆ ನಿಮಿಷಕ್ಕೆ 95 ಮಿಲಿಲೀಟರ್. ಇಲ್ಲೇ ಇರುವುದು ಗುಟ್ಟು. ವೈಎಫ್-ಎಸ್201 ಅಳೆಯುವುದು ನಿಮಿಷಕ್ಕೆ 1 ರಿಂದ 30 ಲೀಟರ್. ಅದಕ್ಕಿಂತ ಕಡಿಮೆಯಾದರೆ ನೀರು ಚಕ್ರದ ಪಕ್ಕದಿಂದ ಜಾರಿ ಹೋಗುತ್ತದೆ, ಚಕ್ರ ಅಲ್ಲಾಡುವುದಿಲ್ಲ. ಚಕ್ರ ತಿರುಗಿದಾಗ ಸೆನ್ಸರ್ ಕಳಿಸುವ ಮಿಡಿತ (ಪಲ್ಸ್) ಲೀಟರಿಗೆ 450 ಅನ್ನುವುದೂ ಒಳ್ಳೆ ಹರಿವಿಗೆ ಮಾತ್ರ. ಬಕೆಟ್ ಹಿಡಿದು ತಕ್ಕಡಿಯಲ್ಲಿ ತೂಗಿದರೆ, ನಳ್ಳಿ ಸಣ್ಣ ಮಾಡಿದ ಹಾಗೆಲ್ಲ ಎಣಿಕೆ ತಪ್ಪುತ್ತದೆ.

ದುಬಾರಿ ಮೀಟರ್ ಹಾಕಿದರೆ ಆಗುತ್ತದಾ ಅಂತ ನೋಡಿದೆ. ಮನೆಗಳಿಗೆ ಹಾಕುವ 15 ಎಂಎಂ ಕ್ಲಾಸ್ ಬಿ (ನಿಖರತೆಯ ಒಂದು ದರ್ಜೆ) ಮೀಟರಿನ ಕನಿಷ್ಠ ಹರಿವು ಗಂಟೆಗೆ 30 ಲೀಟರ್. ನಮ್ಮ ಸೋರಿಕೆ ಗಂಟೆಗೆ 6 ಲೀಟರೂ ಇಲ್ಲ. ಹಾಗಾಗಿ ತೀರ್ಮಾನಿಸಿದೆ: ಸಣ್ಣ ಹರಿವಿಗೆ ಟ್ಯಾಂಕೇ ಮೀಟರ್. ಚಕ್ರದ ಸೆನ್ಸರ್ ಹಗಲಿನ ಬಳಕೆಗೆ, ತಾಪಮಾನ ಸರಿಪಡಿಸಿದ ಮಟ್ಟ ರಾತ್ರಿಯ ಕಾವಲಿಗೆ.

ಆಮೇಲೆ ಸುಲಭ. ಮಲಗುವ ಮೊದಲು ಒಂದೊಂದು ರಾತ್ರಿ ಒಂದೊಂದು ಲೈನಿನ ಗೇಟ್ ವಾಲ್ವ್ ಬಂದ್. ಬಾತ್‌ರೂಮ್ ಲೈನ್ ಮುಚ್ಚಿದ ರಾತ್ರಿ ಗ್ರಾಫ್ ಮಟ್ಟಸ. ನೀರು ಕಮೋಡಿಗೆ ಸೋರುತ್ತದಾ ಅಂತ ಬಣ್ಣದಿಂದ ನೋಡಲು ಫ್ಲಶ್ ಟ್ಯಾಂಕಿಗೆ ಅರಿಶಿನ ಹಾಕಲು ಹೊರಟೆ, "ಕಮೋಡ್ ಹಳದಿಯಾದರೆ ಯಾರು ತಿಕ್ಕುವುದು?" ಅಂತ ಹೆಂಡತಿ ತಡೆದಳು. ಬೀಟ್‌ರೂಟ್ ಬೇಯಿಸಿದ ನೀರು ಸುರಿದೆವು. ಅರ್ಧ ಗಂಟೆಯಲ್ಲಿ, ಯಾರೂ ಫ್ಲಶ್ ಮಾಡದೆ, ಕಮೋಡಿನಲ್ಲಿ ತೆಳು ಗುಲಾಬಿ ಬಣ್ಣ.

ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಅಂಚು ಸೀಳಿತ್ತು. ಅದನ್ನೇ ಹಿಡಿದುಕೊಂಡು ಅಂಗಡಿಗೆ ಹೋದೆ. "ವಾಷರ್ ಮಾತ್ರ ಬರುದಿಲ್ಲ ಮಾರಾಯ್ರೆ, ಫುಲ್ ಸೆಟ್ಟೇ ತಗೊಳ್ಳಿ." ಮುಂದಿನ ಅಂಗಡಿಯಲ್ಲೂ ಅದೇ ಮಂತ್ರ. ಕೊನೆಗೆ ಒಬ್ಬ ಪ್ಲಂಬರ್ ಅವರ ಚೀಲದ ತಳದಲ್ಲಿ ಸಿಕ್ಕಿತು. ದುಡ್ಡೂ ತೆಗೆದುಕೊಳ್ಳಲಿಲ್ಲ, ಕಾಫಿ ಕುಡಿದು ಹೋದರು. ಈಗ ರಾತ್ರಿಯ ಗೆರೆ ನೆಟ್ಟಗಿದೆ.

ಈ ಮಧ್ಯೆ ಅಡುಗೆಮನೆ ನಳ್ಳಿಗೆ ಏರೇಟರ್ (ನಳ್ಳಿಯ ಬಾಯಲ್ಲಿ ನೀರಿಗೆ ಗಾಳಿ ಬೆರೆಸುವ ಜಾಲರಿ) ಹಾಕಿದ ಕಥೆಯೂ ಉಂಟು. ನಮ್ಮ ಟ್ಯಾಂಕಿನ ತಳ ನಳ್ಳಿಯಿಂದ ಎರಡೂವರೆ ಮೀಟರ್ ಮೇಲಿದೆ. ಒತ್ತಡ ಕಾಲು ಬಾರ್. ಅಷ್ಟಕ್ಕೆ ಏರೇಟರ್ ನೊರೆ ಬಿಡುವುದಿಲ್ಲ, ಸುಮ್ನೆ ಮೂಗು ಸೋರಿದ ಹಾಗೆ ಸೋರುತ್ತದೆ. ಪಾತ್ರೆ ತುಂಬಿಸುವ ಕೆಲಸಕ್ಕೆ ಅದರಿಂದ ಒಂದು ಹನಿಯೂ ಉಳಿಯುವುದಿಲ್ಲ, ಕೊಡ ತುಂಬಲು ಕೊಡದಷ್ಟೇ ನೀರು ಬೇಕಲ್ವಾ? ಉಳಿಯುವುದು ನಳ್ಳಿ ಬಿಟ್ಟುಕೊಂಡೇ ತೊಳೆಯುವಾಗ. ಈಗ ಬಾತ್‌ರೂಮಿನ ಬೇಸಿನ್ನಿಗೆ ಮಾತ್ರ ಉಳಿಸಿದ್ದೇನೆ.

ಇಷ್ಟು ಮಳೆ ಬೀಳುವ ಊರಿನಲ್ಲಿ ಯಾಕೆ ಈ ಒದ್ದಾಟ ಅಂತ ಕೇಳುವವರು ಸಿಗುತ್ತಾರೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ತಳ ಕಂಡದ್ದನ್ನು ಉಡುಪಿಯಲ್ಲಿದ್ದವರು ಮರೆತಿರಲಿಕ್ಕಿಲ್ಲ. ನಮ್ಮ ಕೆಂಪು ಕಲ್ಲಿನ ನೆಲ ಜೂನಿನಲ್ಲಿ ಕುಡಿದದ್ದನ್ನು ಏಪ್ರಿಲ್ ತನಕ ಹಿಡಿದಿಟ್ಟುಕೊಳ್ಳುವುದಿಲ್ಲ.

ಹಾಗಾಗಿ ಮುಂದಿನದು ಮಳೆ. ತಾರಸಿ ನೂರು ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರಿಗೆ ಬಿದ್ದರೆ ಒಂದು ಲೀಟರ್. ಜೂನ್‌ನಲ್ಲಿ 100 ಮಿಲಿಮೀಟರ್ ಸುರಿದ ದಿನ ಹತ್ತು ಸಾವಿರ ಲೀಟರ್ ಚರಂಡಿಗೆ. ಅದನ್ನು ಸೋಸಿ ಬಾವಿಗೆ ಬಿಡುವ ಪೈಪ್ ಹೇಗೂ ಬೇಕು. ನನಗೆ ಆಸೆ ಅದರ ಮೇಲಲ್ಲ, ಎಷ್ಟು ಹೋಯಿತು ಅಂತ ಅಳೆಯುವ ಏತದ ಹಾಗೆ ಮಗುಚುವ ಬಕೆಟ್ ಮೇಲೆ. ಒಂದು ಬದಿ ತುಂಬಿದಾಗ ಮಗುಚಿ, ಅದರ ಅಯಸ್ಕಾಂತ ರೀಡ್ ಸ್ವಿಚ್ಚನ್ನು (ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ಸ್ವಿಚ್) ದಾಟಿ ಒಂದು ಎಣಿಕೆ ಆಗುತ್ತದಲ್ಲ, ಅದೇ. ಬಾವಿಯ ಮಟ್ಟಕ್ಕೆ ಈ ಸಲ ಶಬ್ದದ ಸೆನ್ಸರ್ ಬೇಡ. ನೀರಿನೊಳಗೆ ಮುಳುಗಿ ಕೂರುವ ಒತ್ತಡದ ಸೆನ್ಸರ್ ಹುಡುಕುತ್ತಿದ್ದೇನೆ.

ಅದಕ್ಕೂ ಮೊದಲು ಸೋಲಾರ್ ಲೈನ್ ಇದೆ. ಬಿಸಿ ನೀರು ಬರುವವರೆಗೆ ಬೆಳಗ್ಗೆ ಸುಮ್ನೆ ಬಿಡುವ ತಣ್ಣೀರು. ಮುಕ್ಕಾಲು ಇಂಚಿನ 20 ಮೀಟರ್ ಪೈಪಿನಲ್ಲೇ 5 ಲೀಟರ್ ನಿಂತಿರುತ್ತದೆ. ಗ್ರಾಫಿನಲ್ಲಿ ಪ್ರತಿ ಸ್ನಾನಕ್ಕೂ ಅದು ಕಾಣುತ್ತಿದೆ. ಸದ್ಯಕ್ಕೆ ನಳ್ಳಿಯ ಕೆಳಗೆ ಒಂದು ಬಕೆಟ್ ಇಟ್ಟಿದ್ದೇನೆ. ಪೈಪಿಗೆ ಸುತ್ತಲು ಕಪ್ಪು ಫೋಮ್ ಹೇಳಿದ್ದೇನೆ, ಅಂಗಡಿಯವರು "ನಾಳೆ ಬರ್ತದೆ" ಅನ್ನುತ್ತಲೇ ಇದ್ದಾರೆ.