ಸೀರೆ ನೇಯೋಕೆ ಪಿಎಚ್‌ಡಿ ಯಾಕೆ?

ಮದುವೆ ಮನೆಯಲ್ಲಿ ಎಲೆಗೆ ಪಲ್ಯ ಬೀಳುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ಏನಮ್ಮಾ, ಮಗ್ಗದ ಮುಂದೆ ಕೂತು ಪಿಎಚ್‌ಡಿ ಮಾಡ್ತಿದ್ದೀಯಂತೆ? ಸೀರೆ ನೇಯೋಕೆ ಪಿಎಚ್‌ಡಿ ಯಾಕೆ?"

ನೇಯೋಕೆ ಖಂಡಿತ ಬೇಡ. ಇಳಕಲ್ಲಿನಲ್ಲಿ ನನಗೆ ಕಲಿಸಿದವರು ಯಾರೂ ಪಿಎಚ್‌ಡಿ ಮಾಡಿದವರಲ್ಲ. ಅವರು ಅರ್ಧ ದಿನದಲ್ಲಿ ಮುಗಿಸುವ ಕೆಲಸಕ್ಕೆ ನನಗೆ ವಾರ ಬೇಕು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಒಡಲು ಹೆಚ್ಚಾಗಿ ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸುತ್ತಾರೆ. ನನ್ನ ಇಡೀ ಸಂಶೋಧನೆ ಆ ಕೂಡುವ ಜಾಗದಲ್ಲೇ ಇದೆ. ಒಂದು ಗೇಣೂ ಇಲ್ಲ.

ಕಲಿಸುತ್ತಿದ್ದ ಅಮ್ಮನನ್ನು ಮೊದಲ ದಿನವೇ ಕೇಳಿದೆ, ಎಷ್ಟು ಬಿಗಿಯಾಗಿ ಎಳೀಬೇಕು ಅಂತ. "ಅದನ್ನ ಹೆಂಗ ಹೇಳೂದವಾ, ಕೈಗೆ ತಿಳಿತೈತಿ" ಅಂದರು.

ತತ್ವಜ್ಞಾನಿ ಮೈಕೆಲ್ ಪೊಲಾನಿ 1966ರಲ್ಲಿ ಇದೇ ಮಾತನ್ನು ಪುಸ್ತಕ ಮಾಡಿದ್ದಾರೆ. ನಾವು ಹೇಳಬಲ್ಲದ್ದಕ್ಕಿಂತ ನಮಗೆ ಗೊತ್ತಿರುವುದು ಜಾಸ್ತಿ ಅಂತ. ಸರಿ, ಆದರೆ ಅಷ್ಟಕ್ಕೇ ಕೈ ತೊಳೆದುಕೊಂಡರೆ ಥೀಸಿಸ್ ಆಗೋದಿಲ್ಲ, ಅಲ್ವಾ? ಕೈಗೆ ತಿಳಿಯುವುದಾದರೂ ಏನು?

ಸುಮ್ನೆ ಕೂತು ಕೂಡಿಸುತ್ತಾ ಹೋದೆ. ಹರಿದ ಎಳೆಯನ್ನೆಲ್ಲ ನೋಟ್‌ಬುಕ್ಕಿಗೆ ಅಂಟಿಸಿದೆ, ಪಕ್ಕದಲ್ಲಿ ತಾರೀಕು, ಆ ದಿನದ ಹವೆ. ಮಳೆಗಾಲ ಬಂದಾಗ ರೇಷ್ಮೆಯ ಕಡೆ ಜಾಸ್ತಿ ಹರಿಯತೊಡಗಿತು. ಕಾರಣ ಪಠ್ಯಪುಸ್ತಕದಲ್ಲೇ ಇದೆ. ತೇವ ತಾಗಿದರೆ ಹತ್ತಿ ಗಟ್ಟಿಯಾಗುತ್ತದೆ, ರೇಷ್ಮೆ ಸೋಲುತ್ತದೆ. ಅದನ್ನು ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಬೆರಳಿಗೆ ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಅಮ್ಮನ ಕೈ ನೋಡಿದೆ. ಮೋಡ ಕವಿದ ದಿನ ಅವರ ಹೆಬ್ಬೆರಳು ರೇಷ್ಮೆಯ ಕುಣಿಕೆಯನ್ನು ಚೂರು ಸಡಿಲ ಬಿಡುತ್ತಿತ್ತು. ಹೇಳಿದಾಗ ನಕ್ಕರು. "ಹೌದೇನು? ನನಗ ಗೊತ್ತ ಇರಲಿಲ್ಲ ನೋಡು."

ನನ್ನ ಪಿಎಚ್‌ಡಿ ಅಂದರೆ ಇದೇ. ನಾನೇ ಕೂಡಿಸಿ, ನಾನೇ ಹರಿದುಕೊಳ್ಳದೆ ಹೋಗಿದ್ದರೆ ಆ ಹೆಬ್ಬೆರಳನ್ನು ನೋಡಬೇಕು ಅಂತಲೂ ಹೊಳೆಯುತ್ತಿರಲಿಲ್ಲ. ಬರೀ ಸಂದರ್ಶನ ಮಾಡಿದ್ದರೆ "ಕೈಗೆ ತಿಳಿತೈತಿ" ಎಂಬ ಉತ್ತರಕ್ಕೇ ನಿಂತುಬಿಡುತ್ತಿದ್ದೆ.

ಈ ದಾರಿ ನಾನು ಕಂಡುಹಿಡಿದದ್ದಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಕಲೆಯ ಸಂಶೋಧನೆಯನ್ನು ಮೂರಾಗಿ ವಿಂಗಡಿಸಿದರು. ಕಲೆಯ ಬಗ್ಗೆ ಸಂಶೋಧನೆ, ಕಲೆಯ ಮೂಲಕ ಸಂಶೋಧನೆ, ಕಲೆಗಾಗಿ ಸಂಶೋಧನೆ. ನನ್ನದು ಎರಡನೆಯದು. ಮೂರನೆಯದರಲ್ಲಿ ತಿಳಿವೆಲ್ಲ ವಸ್ತುವಿನೊಳಗೇ ಇರುತ್ತದೆ, ಮಾತಿಗೆ ಬರಬೇಕೆಂದೇ ಇಲ್ಲ. ಅದೇ ತೊಡಕಿನದು ಅಂತ ಅವರೇ ಒಪ್ಪಿಕೊಂಡಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ಸೀರೆಯನ್ನು ಮೇಜಿನ ಮೇಲಿಟ್ಟು "ಉತ್ತರ ಇದರಲ್ಲಿದೆ, ನೋಡಿಕೊಳ್ಳಿ" ಅಂದರೆ ಮುಂದೆ ಬರುವವರಿಗೆ ಏನು ಸಿಕ್ಕಂತಾಯಿತು? ನಾರ್ವೆಯಲ್ಲಿ 2018ರಿಂದ ಕಲಾ ಸಂಶೋಧನೆಗೇ ಪ್ರತ್ಯೇಕ ಪಿಎಚ್‌ಡಿ ಇದೆ. ಅಲ್ಲಿ ಕೃತಿಯೇ ಮುಖ್ಯ. ಬ್ರಿಟನ್ನಿನ ಅನೇಕ ಕಡೆ ಕೃತಿ ಜೊತೆಗಿದ್ದರೆ ಬರವಣಿಗೆ ಸಾಮಾನ್ಯ ಥೀಸಿಸ್‌ನ ಅರ್ಧದಷ್ಟಿದ್ದರೂ ಸಾಕು.

ನನಗೆ ಅಷ್ಟು ಸಲೀಸಾಗಲಿಲ್ಲ. ಮೊದಲ ವರ್ಷದ ಪರಿಶೀಲನೆಗೆ ಬಟ್ಟೆಯ ಗಂಟು ಹೊತ್ತುಕೊಂಡು ಹೋದೆ. ಸಮಿತಿಯ ಒಬ್ಬರು "ಇವು ಅನುಬಂಧಾನಾ?" ಎಂದು ಕೇಳಿದರು. ಅದೇ ಕೋಪದಲ್ಲಿ, ಥಿಯರಿ ಹಾಸು, ಕೈಕೆಲಸ ಅದರ ನಡುವೆ ಅಡ್ಡ ಹಾಯುವ ಹೊಕ್ಕು ಎಂದು ಒಂದು ಪುಟ ಬರೆದೆ. ನನ್ನ ಗೈಡ್ ಅದರ ಮೇಲೆ ಅಡ್ಡ ಗೆರೆ ಎಳೆದರು. "ಚೆನ್ನಾಗಿದೆ, ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಹಾಗೆ ಕಾಣ್ತಿಲ್ಲವಲ್ಲ" ಅಂದರು. ನಿಜವೇ. ಅಲ್ಲಿ ತಿಂಗಳುಗಟ್ಟಲೆ ಬರೀ ಹರಿದ ಎಳೆ, ನಡುವೆ ಎಲ್ಲೋ ಒಂದು ಸಾಲು ಥಿಯರಿ.

ಕಳೆದ ತಿಂಗಳು ಒಂದು ಮದುವೆಯಲ್ಲಿ ಅತ್ತೆ ಒಬ್ಬರು ಮತ್ತೆ ಅದೇ ಪ್ರಶ್ನೆ ಕೇಳಿದರು. ಉಟ್ಟಿದ್ದು ಇಳಕಲ್ ಸೀರೆಯೇ. "ನಿಮ್ಮ ಸೆರಗು ಎಲ್ಲಿ ಕೂಡಿದೆ, ಬೆರಳಲ್ಲಿ ಹುಡುಕಿ ನೋಡಿ" ಅಂದೆ. ಅತ್ತೆ ಕಣ್ಣು ಮುಚ್ಚಿ ಸವರಿದರು. ಪಾಯಸ ಬಂದು ಎಲೆಯಲ್ಲಿ ಆರುತ್ತಿತ್ತು. ಎಡಗೈ ಇನ್ನೂ ಸೆರಗಿನ ಮೇಲೇ ಇತ್ತು.